ಬಿಡುಗಡೆಯಾಗದ ಕುಣಿತ

ಅಮೆರಿಕದ ಗಾಯಕಿ ಲಾನಾ ಡೆಲ್ ರೇ ಅಂದ್ರೆ ಕಣ್ಣೀರು, ಸಿಗರೇಟು, ಮುಗಿದ ಪ್ರೀತಿ. 2012ರ 'ಬಾರ್ನ್ ಟು ಡೈ' ಆಲ್ಬಮ್ ಬಂದಮೇಲೆ ಆಕೆಗೆ ಅಂಟಿದ ಚಿತ್ರ ಅದು. ಆದ್ರೆ ಆಕೆ ಬಿಡುಗಡೆ ಮಾಡದೆ ಇಟ್ಟಿದ್ದ, ಹೆಂಗೋ ನೆಟ್‌ನಲ್ಲಿ ಸೋರಿಹೋದ ಹಾಡುಗಳನ್ನ ಕೇಳಿನೋಡಿ. 'ಕ್ವೀನ್ ಆಫ್ ಡಿಸಾಸ್ಟರ್', 'ಸೀರಿಯಲ್ ಕಿಲ್ಲರ್': ಹೆಸರಷ್ಟೇ ಕರಾಳ, ತಾಳ ಮಾತ್ರ ಪುಟಿಯೋ ಚೆಂಡು. ಕುಸನೂರ ರಸ್ತೆಯ ಬಿಸಿಲಿನಾಗ, ಆಟೊದಾಗ ಕೂತು ಕೇಳಿದ್ರೂ ಕಾಲು ತಾನಾಗೇ ಕುಣೀತದ.

ಇಂಥವನ್ನೆಲ್ಲ ಜೋಡಿಸಿ ನಾನೊಂದು ಪಾಪ್ ಆಲ್ಬಮ್ ಕಲ್ಪಿಸಿಕೊಂಡೀನಿ. ಅದು ಹೇಳೋದು ಇಷ್ಟು: ಆಕೆಗೆ ಕುಣಿಸೋದು ಚೆನ್ನಾಗೇ ಬರ್ತದ, ಬಂದರೂ ನಿಧಾನವನ್ನೇ ಆರಿಸಿಕೊಂಡಳು. ಅಂದ್ರೆ ಆ ವಿಷಾದ ಬರೀ ಸ್ವಭಾವ ಅಲ್ಲ, ಕಸುಬು. ದುಃಖ ಆಳ, ಕುಣಿತ ಹಗುರ ಅನ್ನೋ ನಮ್ಮ ಲೆಕ್ಕಾನೂ ಇಲ್ಲಿ ನಿಲ್ಲೋದಿಲ್ಲ. 'ಕ್ವೀನ್ ಆಫ್ ಡಿಸಾಸ್ಟರ್' ನಗ್ತಾ ಹೇಳೋದೂ ಅದೇ ಅಪಾಯದ ಪ್ರೀತೀನೇ.

ಆದರೂ ಸೋರಿದ ಹಾಡು ಅಂದ್ರೆ ಹಾಡಿದವರ ಒಪ್ಪಿಗೆ ಇಲ್ಲದ್ದು. ಹಂಗೇ ಸೋರಿದ್ದ 'ಸೇ ಯೆಸ್ ಟು ಹೆವನ್' 2023ರಲ್ಲಿ ಅಧಿಕೃತವಾಗಿ ಬಂತು. ನೋಡ್ರಿ, ಅದೂ ನಿಧಾನದ ಹಾಡೇ! ಕುಣಿಯೋ ಹಾಡುಗಳಿಗೂ ಆಕೆ ಹೂಂ ಅನ್ನೋತನಕ ನನ್ನ ಆಲ್ಬಮ್ ತಲೆಯೊಳಗೇ ಇರ್ಲಿ.