ಹೊರೆಯ ತುದಿ

ಅಡಿಕೆ ಸುಲಿತದ ದಿನಗಳಲ್ಲಿ ಶಿಕಾರಿಪುರದಿಂದ ಸೊರಬದ ಕಡೆ ಹೊರಟರೆ ರಸ್ತೆ ಪಕ್ಕ ಸಿಪ್ಪೆಯ ರಾಶಿ. ಕೆಲವಕ್ಕೆ ಬೆಂಕಿ ಬಿದ್ದಿರುತ್ತದೆ. ಆ ಹೊಗೆ ಕಂಡಾಗಲೆಲ್ಲ ನನಗೆ ಸಂಕಟ. ಬೆಂಕಿ ಸೋಕಿಸದೆಯೇ ಬಿಸಿಯೇರಬಲ್ಲ ಸಾಮಗ್ರಿ ಅದು.

ಸಿಪ್ಪೆಗೆ ಹಸಿ ಸಗಣಿ, ಹಸಿರು ಸೊಪ್ಪು, ಒಂದಿಷ್ಟು ದರಕು ಸೇರಿಸಿ, ಹಿಂಡಿದರೆ ಅಂಗೈ ಒದ್ದೆಯಾಗುವಷ್ಟು ನೀರು ಕೊಟ್ಟು ಎದೆಮಟ್ಟ ಒಟ್ಟಿ. ನಾಲ್ಕೈದು ದಿನ ಕಳೆದ ಮೇಲೆ ಕಬ್ಬಿಣದ ಸರಳೊಂದನ್ನು ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡಿ. ಕೈ ಥಟ್ಟನೆ ಹಿಂದೆ ಬಂದರೆ ರಾಶಿ ಚೆನ್ನಾಗಿದೆ ಎಂದೇ ಲೆಕ್ಕ. ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೊಟ್ಟೆಯ ಬಿಳಿಲೋಳೆ ಗಟ್ಟಿಯಾಗತೊಡಗುವ ಶಾಖ ಅದು. ನಮ್ಮ ಮೈಯ ಪ್ರೋಟೀನುಗಳಲ್ಲೂ ಹೆಚ್ಚಿನವು ಅಲ್ಲಿ ಬಿಚ್ಚಿಕೊಂಡು ಕೆಡುತ್ತವೆ. ಜಿಯೋಬ್ಯಾಸಿಲಸ್‌ನಂಥ ಸೂಕ್ಷ್ಮಜೀವಿಗಳಿಗೋ ಅದೇ ಸುಗ್ಗಿ.

ಅವುಗಳ ಪ್ರೋಟೀನೂ ನಮ್ಮಲ್ಲಿರುವ ಅದೇ 20 ಬಗೆಯ ಅಮೈನೋ ಆಮ್ಲಗಳ ಸರವೇ. ವ್ಯತ್ಯಾಸವೆಲ್ಲ ಕಟ್ಟಿನಲ್ಲಿ. ನೀರಿಗೆ ಹಿಂಜರಿಯುವ ಕೊಂಡಿಗಳು ಒಳಗೆ ಸಂದಿಲ್ಲದಂತೆ ಒತ್ತಿ ಕೂತಿರುತ್ತವೆ. ಮೇಲ್ಮೈಯಲ್ಲಿ ಧನ, ಋಣ ಆವೇಶದ ಕೊಂಡಿಗಳು ಒಂದನ್ನೊಂದು ಹಿಡಿದಿರುತ್ತವೆ. ಜೋಲುವ ಕುಣಿಕೆಗಳು ಎಷ್ಟೋ ಕಡೆ ಗಿಡ್ಡ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಕುಮಾರ್ ಮತ್ತು ಜೊತೆಗಾರರು ಇದನ್ನು ಒಂದು ಕಿಣ್ವದಲ್ಲಿ ಬಿಡಿಸಿ ತೋರಿಸಿದ್ದಾರೆ. ಬ್ಯಾಸಿಲಸ್ ಎನ್‌ಜಿ-27 ಎಂಬ ಬ್ಯಾಕ್ಟೀರಿಯದ ಕ್ಸೈಲನೇಸ್ ಅದು. ಹುಲ್ಲು, ಸಿಪ್ಪೆಗಳ ನಾರಿನಲ್ಲಿರುವ ಕ್ಸೈಲನ್ ಅನ್ನು ಕತ್ತರಿಸುವುದು ಅದರ ಕೆಲಸ. 70 ಡಿಗ್ರಿಯಲ್ಲಿ ಅತ್ಯಂತ ಚುರುಕು. 2006ರಲ್ಲಿ ಅದರ ರಚನೆ ಪ್ರಕಟವಾಯಿತು: ಪೀಪಾಯಿಯಂಥ ಆಕಾರ, ಸರದ ಮೊದಲ ತುದಿಗೂ ಕೊನೆಯ ತುದಿಗೂ ಬಿಗಿ ನಂಟು. ಕರಡದ ಹೊರೆ ಕಟ್ಟಿದವರಿಗೆ ಇದು ಕೂಡಲೇ ತಿಳಿದೀತು. ಹಗ್ಗದ ತುದಿ ಜಾರಿತೋ, ಹೊರೆಯೇ ಹರಡಿಹೋಗುತ್ತದೆ.

ಆಮೇಲೆ ಅವರು ಮೊಟ್ಟಮೊದಲ ಕೊಂಡಿಯೊಂದನ್ನೇ ಬದಲಿಸಿದರು. ವ್ಯಾಲೀನ್ ಇದ್ದಲ್ಲಿ ಲ್ಯೂಸೀನ್. ಕಿಣ್ವದ ತಾಳಿಕೆ 70ರಿಂದ 75 ಡಿಗ್ರಿಗೆ ಏರಿತು, ಕೆಲಸ ಕುಂದಲಿಲ್ಲ. ಮುನ್ನೂರಕ್ಕೂ ಹೆಚ್ಚು ಕೊಂಡಿಗಳಲ್ಲಿ ಒಂದೇ ಒಂದು! ಇದನ್ನು ಓದಿದ ದಿನ ತೋಟಕ್ಕೆ ಹೋಗಿ ರಾಶಿಯ ಪಕ್ಕ ಬಹಳ ಹೊತ್ತು ಕೂತಿದ್ದೆ.

ಬಿಗಿಗೂ ಬೆಲೆಯಿದೆ. ಕಿಣ್ವ ದುಡಿಯಬೇಕಾದರೆ ಕೊಂಚ ಮಿಸುಕಾಡಬೇಕು. ಬಿಸಿಗೆಂದೇ ಬಿಗಿದದ್ದು ತಂಪಿನಲ್ಲಿ ಸಾಮಾನ್ಯವಾಗಿ ಸೆಟೆದು ಮಂಕಾಗುತ್ತದೆ. ಅದಕ್ಕೇ ರಾಶಿ ಆರಿದಂತೆ ಬಿಸಿಯನ್ನೇ ನೆಚ್ಚಿದ ಈ ಸೂಕ್ಷ್ಮಜೀವಿಗಳು ಹಿಂದೆ ಸರಿದು ಬೇರೆ ಜೀವಿಗಳಿಗೆ ಜಾಗ ಬಿಡುತ್ತವೆ. ಶಾಖ 70 ದಾಟಿದರೆ ಇವುಗಳಲ್ಲೂ ಹೆಚ್ಚಿನವು ಉಳಿಯುವುದಿಲ್ಲ. ಅಷ್ಟರೊಳಗೆ ಮಗುಚಿ ಗಾಳಿ ಕೊಡಬೇಕು.

ನಮ್ಮ ರಾಶಿಯನ್ನು ನಾಳೆ ಬೆಳಗ್ಗೆ ಮೂರನೇ ಸಲ ಮಗುಚುವುದಿದೆ. ಹೊರಮೈಯ ಸಿಪ್ಪೆ ಇನ್ನೂ ಹಳದಿಯಾಗಿಯೇ ಇದೆ, ಅದೀಗ ಒಳಗೆ ಹೋಗಬೇಕು.