‘ಇದು ಖರೆ ಐತೇನ್ರಿ?’

ಕೆ.ಎನ್. ಗಣೇಶಯ್ಯನವರ ಕಾದಂಬರಿ ಓದಿ ಮುಗಿಸಿದವರು ನಮ್ಮ ಜಮಖಂಡಿ ಕಡೆ ಮೊದಲು ಕೇಳುವುದು ಒಂದೇ: ‘ಇದು ಖರೆ ಐತೇನ್ರಿ?’ ಪಾತ್ರ ಹೇಗಿದೆ, ಭಾಷೆ ಹೇಗಿದೆ ಎಂಬ ಮಾತು ಬರುವುದೇ ಇಲ್ಲ. ಸಾಹಿತ್ಯ ಗೊತ್ತಿಲ್ಲದವರ ಪ್ರಶ್ನೆ ಎಂದು ವಿಮರ್ಶಕರು ಮೂಗು ಮುರಿಯಬಹುದು. ಆದರೆ ಆ ಪ್ರಶ್ನೆ ಏಳಲೆಂದೇ ಗಣೇಶಯ್ಯ ಹಾಗೆ ಬರೆಯುತ್ತಾರೆ.

ವಿಜ್ಞಾನ ಕಥೆಗಳ ರಾಜಶೇಖರ ಭೂಸನೂರಮಠರನ್ನು ಓದುವಾಗ ಈ ಪೇಚಿಲ್ಲ. ಹಾರುವ ತಟ್ಟೆ ಇಳಿದರೆ ಅದು ಕಲ್ಪನೆಯೆಂದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಗಣೇಶಯ್ಯ ನೆಲ ಬಿಟ್ಟು ಏಳುವುದಿಲ್ಲ. ಶಾಸನ, ಶಿಲ್ಪ, ಬೀಜಗಳ ಸುತ್ತ ಥ್ರಿಲ್ಲರ್ ಹೆಣೆದು, ಅಡಿಟಿಪ್ಪಣಿ, ಆಕರಗಳನ್ನೂ ಜೋಡಿಸುತ್ತಾರೆ.

‘ಕನಕ ಮುಸುಕು’ ಅವರ ಕಸುಬು ಚೆನ್ನಾಗಿ ಕೂಡಿಬಂದ ಕೃತಿ. ಹದಿಮೂರನೆಯ ಶತಮಾನದ ಸೋಮನಾಥಪುರದ ಗುಡಿಯ ಶಿಲ್ಪಗಳ ಕೈಯಲ್ಲಿರುವುದು ಗೋವಿನಜೋಳದ ತೆನೆಯೇ? ಕೊಲಂಬಸ್ 1492ರಲ್ಲಿ ಅಮೆರಿಕ ಮುಟ್ಟುವ ಮೊದಲೇ ಅಲ್ಲಿಯ ಬೆಳೆ ಇಲ್ಲಿಗೆ ಬಂದದ್ದು ಹೇಗೆ? ಇದು ಕಟ್ಟುಕಥೆಯ ಪ್ರಶ್ನೆಯಲ್ಲ. 1989ರಲ್ಲಿ ಸಂಶೋಧಕರಾದ ಜೋಹಾನೆಸನ್ ಮತ್ತು ಪಾರ್ಕರ್ ತೆನೆಯೇ ಹೌದೆಂದು ವಾದಿಸಿದರು. 1993ರಲ್ಲಿ ಪಾಯಕ್ ಮತ್ತು ಸಚನ್ ಅಲ್ಲವೆಂದರು: ಅದು ಮುತ್ತು ಕೂರಿಸಿದ ಕಾಲ್ಪನಿಕ ಹಣ್ಣು, ಮುಕ್ತಾಫಲ. ಘಟಪ್ರಭೆಯ ನೀರಿಗೆ ಗೋವಿನಜೋಳ ಬೆಳೆಯುವ ಮುಧೋಳದ ರೈತ ಈ ಜಗಳಕ್ಕೆ ಹೊರಗಿನವನೇನಲ್ಲ. ತೆನೆ ಸುಲಿದು ಕಾಳಿನ ಸಾಲು ಎಣಿಸಿದರೆ ಹನ್ನೆರಡು, ಹದಿನಾಲ್ಕು, ಹದಿನಾರು ಹೀಗೆ ಸಾಮಾನ್ಯವಾಗಿ ಸರಿಸಂಖ್ಯೆಯೇ ಸಿಗುತ್ತದೆ, ಏಕೆಂದರೆ ತೆನೆಯಲ್ಲಿ ಹೂ ಕೂರುವುದೇ ಜೋಡಿಜೋಡಿಯಾಗಿ. ಶಿಲ್ಪದ ಫೋಟೊ ಹಿಡಿದು ಅಲ್ಲಿಯೂ ಸಾಲು ಎಣಿಸಬೇಕೆನ್ನಿಸುವಂತೆ ಓದುಗನನ್ನು ಕೆಣಕುವುದು ಸಣ್ಣ ಸಾಧನೆಯಲ್ಲ. ನಮ್ಮ ಎಷ್ಟು ಪಠ್ಯಪುಸ್ತಕಗಳಿಗೆ ಅದು ಸಾಧ್ಯವಾಗಿದೆ?

ತೊಡಕೂ ಇಲ್ಲೇ ಇದೆ. ವಿಜ್ಞಾನದಲ್ಲಿ ಒಂದು ಊಹೆ ಸೋತರೂ ಕೆಲಸ ನಡೆಯುತ್ತದೆ. ಥ್ರಿಲ್ಲರಿನಲ್ಲಿ ಊಹೆ ಸೋತರೆ ಕಥೆಯೇ ನಿಂತುಹೋಗುತ್ತದೆ. ಹಾಗಾಗಿ ಕೊನೆಕೊನೆಗೆ ಅನುಮಾನ ಸೊರಗಿ ರಹಸ್ಯ ಕೊಬ್ಬುತ್ತದೆ. ಪಾತ್ರಗಳೂ ಅಷ್ಟೇ, ಮಾತಾಡುವುದಕ್ಕಿಂತ ಹೆಚ್ಚಾಗಿ ಉಪನ್ಯಾಸ ಕೊಡುತ್ತವೆ.

1565ರ ತಾಳಿಕೋಟೆ ಯುದ್ಧದ ಸೋಲಿನ ನಂತರ ವಿಜಯನಗರದಿಂದ ಆನೆಗಳ ಮೇಲೆ ಹೊರಟ ಸಂಪತ್ತಿನ ಕಥೆ ‘ಕರಿಸಿರಿಯಾನ’. ಆ ಯುದ್ಧದ ಜೊತೆ ಹೆಸರು ಕೇಳಿಬರುವ ರಕ್ಕಸಗಿ, ತಂಗಡಗಿ ಬೀಳಗಿಯಿಂದ ಕೃಷ್ಣೆಯ ಹರಿವಿನಗುಂಟ ಕೆಳಗಿವೆ; ನಮ್ಮವರಿಗೆ ಇದು ಮನೆಯ ಸುದ್ದಿ. ಇತಿಹಾಸಕಾರ ರಾಬರ್ಟ್ ಸಿವೆಲ್ 1900ರ ತನ್ನ ಪುಸ್ತಕದಲ್ಲಿ 550 ಆನೆಗಳೆಂದು ಬರೆದಿದ್ದಾನೆ. ಆ ಲೆಕ್ಕ ಇಟ್ಟವರು ಯಾರು ಎಂದು ಕೇಳಬೇಕಾದ ಓದುಗ ‘ಆ ಬಂಗಾರ ಈಗ ಎಲ್ಲೈತ್ರಿ?’ ಎನ್ನುತ್ತಾನೆ. ನಿಧಿಯಾಸೆಗೆ ಪಾಳುಗುಡಿ ಅಗೆಯುವವರು ಮೊದಲೇ ಇರುವ ಸೀಮೆಯಲ್ಲಿ ಈ ಪ್ರಶ್ನೆ ಕೇಳಿ ನನಗೆ ನಗು ಬರುವುದಿಲ್ಲ. ತಪ್ಪು ಪೂರ್ತಿ ಲೇಖಕರದಲ್ಲ. ಅಡಿಟಿಪ್ಪಣಿ ಕೊಟ್ಟಿರುತ್ತಾರೆ, ಕಥೆಯ ಓಟದಲ್ಲಿ ಅದನ್ನು ಓದುವಷ್ಟು ಪುರುಸೊತ್ತು ಓದುಗರಿಗಿರುವುದಿಲ್ಲ.

ರಬಕವಿ-ಬನಹಟ್ಟಿಯ ಗೆಳೆಯರು ಯಾವುದರಿಂದ ಶುರು ಮಾಡಲಿ ಎಂದರೆ ‘ಕನಕ ಮುಸುಕು’ ಎನ್ನುತ್ತೇನೆ. ‘ಕರಿಸಿರಿಯಾನ’ ಆಮೇಲೆ ಓದಿದರೂ ನಡೆದೀತು.