ನೀರಿನ ಮಟ್ಟದಲ್ಲೊಂದು ಕಣ್ಣು

ಅಮೆರಿಕದ ಉತ್ತರ ಡಕೋಟಾ, ಕೆನಡಾದ ಸಸ್ಕಾಚೆವಾನ್ ಕಡೆಯ ಹುಲ್ಲುಗಾವಲಿನಲ್ಲಿ ಹಿಮನದಿಗಳು ಬಿಟ್ಟುಹೋದ ಹೊಂಡಗಳು ಲಕ್ಷಗಟ್ಟಲೆ ಇವೆ. ಏಪ್ರಿಲ್‌ನಲ್ಲಿ ಮಂಜುಗಡ್ಡೆ ಪೂರ್ತಿ ಕರಗುವ ಮೊದಲೇ ಅಲ್ಲಿ ಕೋರಸ್ ಕಪ್ಪೆಗಳ ಕೂಗು ಶುರು. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂಥ ಸದ್ದು.

ಕೇಳುವುದು ಸುಲಭ, ಕಾಣುವುದು ಕಷ್ಟ.

3 ಸೆಂಟಿಮೀಟರ್ ಆಸುಪಾಸಿನ ಈ ಕಪ್ಪೆ ಹೆಜ್ಜೆ ಸಪ್ಪಳಕ್ಕೇ ಸುಮ್ಮನಾಗಿಬಿಡುತ್ತದೆ. ಬಲ್ಲ ಛಾಯಾಗ್ರಾಹಕರು ಕೆಸರಲ್ಲಿ ಬೋರಲು ಮಲಗಿ, ಮ್ಯಾಕ್ರೋ ಲೆನ್ಸನ್ನು ನೀರಿನ ಮಟ್ಟಕ್ಕೆ ಇಳಿಸಿ ಕಾಯುತ್ತಾರೆ. ಮತ್ತೆ ಕೂಗು ಎದ್ದಾಗ ಗಂಟಲಚೀಲ ಉಬ್ಬುತ್ತದೆ. ಬೆಳಕು ಹಿಂದಿನಿಂದ ಬಿದ್ದರೆ ಅದರ ತೆಳು ಚರ್ಮ ಹೊಳೆಯುತ್ತದೆ. ಫೋಕಸ್ ಮಾತ್ರ ಕಣ್ಣಿನ ಮೇಲೇ ಇರಬೇಕು. ನಿಂತು, ಮೇಲಿನಿಂದ ಕ್ಲಿಕ್ಕಿಸಿದ ಚಿತ್ರಕ್ಕೆ ಈ ಜೀವಕಳೆ ಖಂಡಿತ ಬರುವುದಿಲ್ಲ.

ಉತ್ತರ ಅಮೆರಿಕದ ಸುಮಾರು ಅರ್ಧದಷ್ಟು ಬಾತುಗಳು ಮರಿ ಮಾಡುವುದೂ ಈ ಹೊಂಡಗಳ ಸೀಮೆಯಲ್ಲೇ. ಬೇಸಾಯಕ್ಕೆಂದು ಎಷ್ಟೋ ಹೊಂಡಗಳ ನೀರನ್ನು ಬಸಿದು ಒಣಗಿಸಿದ್ದಾರೆ. ಉಳಿದವುಗಳ ಚಿತ್ರಗಳಿಗೆ ಅದಕ್ಕೇ ಇಷ್ಟು ಬೆಲೆ.